ಶಾಲು ಹೊದಿಸಿದವರಿಗೆ, ಮತ್ತು ಹಾರಿದವರಿಗೆ

ನನ್ನ ಎಂಬತ್ತರ ಸಮಾರಂಭಕ್ಕೆ ಬಂದವರಿಗೆ, ಫೋನ್ ಮಾಡಿದವರಿಗೆ, ಬೆಳಗಿನ ಜಾವದಿಂದ ಅಡುಗೆಗೆ ನಿಂತ ಕೇರಿಯ ಹೆಣ್ಣುಮಕ್ಕಳಿಗೆ ಮನಸಾರೆ ನಮಸ್ಕಾರ. 'ಯುದ್ಧವೀರ' ಅಂತ ಬ್ಯಾನರ್ ಕಟ್ಟಿದ ಹುಡುಗರಿಗೂ. ಅದು ಸ್ವಲ್ಪ ಜಾಸ್ತಿಯೇ ಆಯ್ತು! 1971ರ ಪಾಕಿಸ್ತಾನದ ಯುದ್ಧದಲ್ಲಿ ನಾನು ನೌಕಾಪಡೆಯ ವಿಮಾನ ಹೊರುವ ಹಡಗು ಐಎನ್‌ಎಸ್ ವಿಕ್ರಾಂತ್‌ನಲ್ಲಿ ಇದ್ದದ್ದು ನಿಜ. ಆದರೆ ಹಾರಿದವನಲ್ಲ, ವಿಮಾನಕ್ಕೆ ಗುಂಡು, ರಾಕೆಟ್ ತುಂಬುತ್ತಿದ್ದವನು. ಹಾರಿದವರ ಬಗ್ಗೆ ನಾಲ್ಕು ಮಾತು ಹೇಳದೆ ನಿಮ್ಮ ಶಾಲು ಮಡಿಸಿಡಲು ಮನಸ್ಸು ಬರಲಿಲ್ಲ.

ಆಕಾಶದಲ್ಲಿ ವಿಮಾನಗಳು ಹೊಡೆದಾಡಿದವಾ ಅಂತ ಮಕ್ಕಳು ಕೇಳಿದರು. ನಮ್ಮ ಹಡಗಿನ ಸೀ ಹಾಕ್ ಜೆಟ್‌ಗಳಿಗೆ ಆ ಪ್ರಸಂಗ ಬರಲಿಲ್ಲ. ಅವರ ಮೇಲೆ ಬೆಂಕಿ ಬಂದದ್ದು ನೆಲದ ಫಿರಂಗಿಗಳಿಂದ. ಅವರು ದಾಳಿ ಮಾಡಿದ್ದು ಆಗಿನ ಪೂರ್ವ ಪಾಕಿಸ್ತಾನ, ಅಂದರೆ ಈಗಿನ ಬಾಂಗ್ಲಾದೇಶದ ಮೇಲೆ: ಡಿಸೆಂಬರ್ 4ರಂದು ಕಾಕ್ಸ್ ಬಜಾರ್ ವಿಮಾನ ನಿಲ್ದಾಣ, ಆಮೇಲೆ ಚಿತ್ತಗಾಂಗ್ ಬಂದರು. ಒಬ್ಬನೇ ಕೂರುವ ವಿಮಾನ, ಒಂದೇ ಇಂಜಿನ್. ಕೆಳಗೆ ಬರೀ ನೀರು.

ನನ್ನ ಕೇಳಿದರೆ, ದಾಳಿಗಿಂತ ಕಷ್ಟ ವಾಪಸ್ ಬರುವುದು. ಹೊರಟಾಗ ಇದ್ದ ಜಾಗದಲ್ಲಿ ಹಡಗು ಇರುವುದಿಲ್ಲವಲ್ಲ. ಹುಡುಕಿ ಬಂದು, ಅಲೆಗೆ ಓಲಾಡುವ ಡೆಕ್ ಮೇಲೆ ಇಳಿಯಬೇಕು. ವಿಮಾನದ ಬಾಲದ ಕೊಕ್ಕೆ ಡೆಕ್‌ಗೆ ಅಡ್ಡ ಹಾಕಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿತೋ, ನಿಂತಿತು. ಸಿಗಲಿಲ್ಲವೋ, ಮತ್ತೆ ಪೂರ್ತಿ ವೇಗ ಕೊಟ್ಟು ಹಾರಬೇಕು. ಇಳಿದ ತಕ್ಷಣ ರೆಕ್ಕೆ ಮಡಚಿ ಮುಂದೆ ಸರಿಯಬೇಕು, ಹಿಂದೆ ಇನ್ನೊಬ್ಬ ಬರ್ತಿರ್ತಾನೆ. ನಾವು ಓಡಿ ಹೋಗಿ ಮೊದಲು ನೋಡ್ತಿದ್ದದ್ದು ಎಲ್ಲಾದರೂ ತೂತು ಬಿದ್ದಿದೆಯಾ ಅಂತ. ಪೈಲಟ್ ಕೆಳಗಿಳಿಯುವ ಹೊತ್ತಿಗೆ ಅವನ ಬೆನ್ನು ಪೂರ್ತಿ ಒದ್ದೆ.

ಬಾಯ್ಲರ್ ಕೋಣೆಯವರನ್ನೂ ಮರೆಯಬಾರದು. ಒಂದು ಬಾಯ್ಲರ್‌ನಲ್ಲಿ ಬಿರುಕು ಬಿಟ್ಟಿತ್ತು, ಹಡಗಿನ ವೇಗ ಕಮ್ಮಿ. ವಿಮಾನವನ್ನು ಚಿಮ್ಮಿಸುವ ಕ್ಯಾಟಪಲ್ಟ್‌ಗೂ ಆ ಬಾಯ್ಲರ್‌ಗಳ ಹಬೆಯೇ ಬೇಕು. ಅವರು ಆ ಸೆಕೆಯಲ್ಲಿ ಹಬೆ ಕೊಟ್ಟರು, ಇವರು ಅದನ್ನು ನಂಬಿ ಹಾರಿದರು. ಯುದ್ಧ ಮುಗಿಯುವವರೆಗೆ ಶತ್ರುವಿನ ಹೊಡೆತಕ್ಕೆ ನಮ್ಮ ಒಂದು ಸೀ ಹಾಕ್ ಕೂಡ ಬೀಳಲಿಲ್ಲ. ಸೀ ಹಾಕ್ ಸ್ಕ್ವಾಡ್ರನ್ನಿನ ನಾಯಕ ಗುಪ್ತಾ ಸಾಹೇಬರಿಗೂ ಹಡಗಿನ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರಿಗೂ ಮಹಾವೀರ ಚಕ್ರ ಬಂತು.

ಪಶ್ಚಿಮದ ಅರಬ್ಬೀ ಸಮುದ್ರದ ಕಡೆ ಅಷ್ಟು ಅದೃಷ್ಟ ಇರಲಿಲ್ಲ. ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿದ ಪಾಕಿಸ್ತಾನದ ಜಲಾಂತರ್ಗಾಮಿಯನ್ನು ಹುಡುಕಲು ಹೋದ ನಮ್ಮ ನೌಕಾಪಡೆಯ ಅಲಿಜೆ ವಿಮಾನವನ್ನು ಪಾಕಿಸ್ತಾನದ ಜೆಟ್ ಹೊಡೆದುರುಳಿಸಿತು. ಅಲಿಜೆ ಅಂದರೆ ಪ್ರೊಪೆಲ್ಲರ್ ವಿಮಾನ. ಜೆಟ್ ಎದುರು ಅದೇನು ಮಾಡೀತು? ಒಳಗಿದ್ದ ಮೂವರೂ ಬರಲಿಲ್ಲ. ನೀವು ಕೊಟ್ಟ ಮರ್ಯಾದೆಯಲ್ಲಿ ದೊಡ್ಡ ಪಾಲು ಅವರದು.

ಮೈಕ್ ಹಿಡಿದು ಪ್ರಶ್ನೆ ಕೇಳಿದ ಶಾಲೆ ಮಕ್ಕಳಿಗೆ ವಿಶೇಷ ಥ್ಯಾಂಕ್ಸ್. ಗೋವಾಕ್ಕೆ ಹೋದರೆ ದಾಬೋಲಿಂ ಹತ್ತಿರದ ನೌಕಾ ವಿಮಾನ ಮ್ಯೂಸಿಯಂಗೆ ಹೋಗಿ ಬನ್ನಿ. ಅಲ್ಲಿ ಸೀ ಹಾಕ್ ನಿಂತಿದೆ. ಮೂಗಿನ ಕೆಳಗೆ ಬಗ್ಗಿ ನೋಡಿ, ಇಪ್ಪತ್ತು ಮಿಲಿಮೀಟರಿನ ನಾಲ್ಕು ಫಿರಂಗಿಗಳ ಜಾಗ. ನನ್ನ ಕೆಲಸ ಅಲ್ಲಿತ್ತು.