ಅಪ್ಪನನ್ನು ದೇವರು ಮಾಡ್ಬೇಡ ಮಾರಾಯ್ತಿ

ಪ್ರೀತಿಯ ಹುಡುಗಿ,

ಮೊದ್ಲು ಈ ಮೇಡಂ ಗೀಡಂ ಬಿಡು, ಅಕ್ಕ ಅಂದ್ರೆ ಸಾಕು. ವಿಧವೆಯರಿಗೆ ಆಶ್ರಯ, ಶಾಲೆ ಕಟ್ಟಿದ ಸಂಸ್ಕೃತ ವಿದುಷಿ ಪಂಡಿತಾ ರಮಾಬಾಯಿಯ ಬಾಲ್ಯದ ಬಗ್ಗೆ ನೀನು ಬರ್ದ ಪುಟಗಳನ್ನ ಎರಡು ರಾತ್ರಿ ಕೂತು ಓದಿದೆ, ಡೊಂಬಿವಲಿಯಲ್ಲಿ ಕರೆಂಟ್ ಹೋಗದಿದ್ರೆ ಒಂದೇ ರಾತ್ರಿ ಸಾಕಿತ್ತು. ಯಾರೋ ಸಪ್ಪೆ ಅಂದ್ರು, ಎಲ್ಲ ಡಿಲೀಟ್ ಮಾಡ್ಲಾ ಅಂತ ಕೇಳಿದ್ದೀಯ. ಎಂತಕ್ಕೆ? ಬೆಳಗಿನ ಜಾವ ಅಮ್ಮ ಲಕ್ಷ್ಮೀಬಾಯಿ ನಿದ್ದೆಗಣ್ಣಿನ ಮಗಳನ್ನ ಎತ್ಕೊಂಡು, ಮುದ್ದು ಮಾಡಿ ಎಬ್ಬಿಸಿ, ಮನೆಗೆಲಸ ಶುರು ಆಗೋ ಮೊದ್ಲು ಸಂಸ್ಕೃತ ಹೇಳಿಕೊಡೋ ಜಾಗ ಉಂಟಲ್ಲ, ಅದನ್ನ ಓದಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಅಲ್ಲಿ ಒಂದಕ್ಷರ ಮುಟ್ಟಬೇಡ. ಪಬ್ಲಿಷರ್ ಯಾರು, ಎಷ್ಟು ಪುಟ ಇರ್ಬೇಕು, ಅದನ್ನೆಲ್ಲ ನನ್ನ ಹತ್ರ ಕೇಳ್ಬೇಡ.

ಆದ್ರೆ ಮುಂದಿನ ಅಧ್ಯಾಯದಲ್ಲಿ ರಮಾಬಾಯಿ ಬರದಲ್ಲಿ ಹಸಿದದ್ದನ್ನ ಹೇಳಿ "ಅಂದು ಬಿತ್ತಿದ ಬೀಜ ಮುಂದೆ ಹೆಮ್ಮರವಾಯಿತು" ಅಂತ ಬರ್ದಿದ್ದೀಯ ನೋಡು, ಸಿಟ್ಟು ನೆತ್ತಿಗೇರಿತು ನಂಗೆ. ಯಾವ ಬೀಜ? ರಮಾಬಾಯಿ 1889ರಲ್ಲಿ ನಮ್ಮ ಮುಂಬೈಯಲ್ಲಿ ಶಾರದಾ ಸದನ ಅನ್ನೋ ಶಾಲೆ ತೆರೆದದ್ದು ಮೇಲ್ಜಾತಿಯ ವಿಧವೆಯರಿಗೆ. ಎಲ್ಲ ಜಾತಿಯವರಿಗೂ ಬಾಗಿಲು ತೆರೆದದ್ದು ಆಮೇಲೆ, 1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನ ಕಣ್ಣಾರೆ ನೋಡಿ ಕರ್ಕೊಂಡು ಬಂದು ಪುಣೆ ಹತ್ರದ ಕೇಡಗಾಂವ್‌ನಲ್ಲಿ ಇಟ್ಟುಕೊಂಡಾಗ. ತಾನೇ ಬರದಲ್ಲಿ ಹಸಿದದ್ದಕ್ಕೂ ಇದಕ್ಕೂ ಮಧ್ಯ ಸುಮಾರು 20 ವರ್ಷ, ಅದರಲ್ಲಿ ಕಲ್ಕತ್ತಾ, ಮದುವೆ, ವೈಧವ್ಯ, ಇಂಗ್ಲೆಂಡು, ಅಮೆರಿಕ. ಅಷ್ಟು ವರ್ಷ ನಿನ್ನ ಬೀಜ ಎಲ್ಲಿತ್ತು?

ಇನ್ನು ಅಪ್ಪ ಅನಂತಶಾಸ್ತ್ರಿ ಡೋಂಗ್ರೆ. ಪುಣೆಯಲ್ಲಿ ಪೇಶ್ವೆಯ ಹೆಂಡತಿ ಸಂಸ್ಕೃತ ಶ್ಲೋಕ ಹೇಳೋದನ್ನ ಕೇಳಿ ಬೆರಗಾಗಿ, ನನ್ನ ಹೆಂಡತಿಗೂ ಕಲಿಸ್ತೇನೆ ಅಂತ ಹೊರಟವನು, ಜನ ಬೈದ್ರೂ ಬಿಡ್ಲಿಲ್ಲ, ಗಂಗಾಮೂಲದ ಕಾಡಿಗೆ ಹೋಗಿ ಮನೆ ಮಾಡಿದ. ನಿನ್ನ ಅಮ್ಮನ ಊರು ಕಾರ್ಕಳ ಅಂದೆಯಲ್ಲ, ಅಲ್ಲೇ ಮೇಲೆ, ಮಾಳದ ಘಟ್ಟದ ಕಡೆ. 1858ರಲ್ಲಿ ಅಲ್ಲಿ ಹುಟ್ಟಿದ ಕೂಸನ್ನ ಆರು ತಿಂಗಳಿಗೇ ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಮೇಲೆ ಹೊರಿಸಿ ಘಟ್ಟ ಇಳಿಸಿದ್ರು. ಇದನ್ನೆಲ್ಲ ಚಂದ ಬರ್ದಿದ್ದೀಯ. ಆದ್ರೆ ಆ ಲಕ್ಷ್ಮಿ ಮದುವೆಯಾಗುವಾಗ 9 ವರ್ಷದ ಹುಡುಗಿ, ಅವನಿಗೆ 40 ದಾಟಿತ್ತು, ಅದು ಯಾಕೆ ಇಲ್ಲ? ತೀರ್ಥಯಾತ್ರೆ, ದಾನ, ಬಂದವರಿಗೆಲ್ಲ ಊಟ ಅಂತ ಆಸ್ತಿ ಕರಗಿಸಿದ. ಬರ ಬಂದಾಗ ಒಡವೆ ಹೋಯ್ತು, ಪಾತ್ರೆ ಹೋಯ್ತು, ಕೂಲಿ ಮಾಡ್ಲಿಕ್ಕೆ ಜಾತಿಯ ಬಿಗುಮಾನ ಬಿಡ್ಲಿಲ್ಲ. ಅದೂ ಆ ಮಗಳ ಬಾಲ್ಯವೇ ಅಲ್ವಾ?

ಎಲ್ಲಕ್ಕಿಂತ ನಂಗೆ ಬೇಜಾರಾದದ್ದು ರಮಾಬಾಯಿಯ ಅಕ್ಕ ಕೃಷ್ಣಾಬಾಯಿಗೆ ನೀನು ಅರ್ಧ ಸಾಲು ಕೊಟ್ಟದ್ದು. ಇದೇ ಅಪ್ಪ ಅವಳಿಗೆ ಬಾಲ್ಯದಲ್ಲೇ ಮದುವೆ ಮಾಡಿದ, ಹುಡುಗನನ್ನ ಮನೆಯಲ್ಲಿಟ್ಟು ಓದಿಸುವ ಅಂತಿತ್ತು, ಅವನು ಓದ್ಲಿಲ್ಲ, ಸಂಸಾರ ಹಾಳಾಯ್ತು. ಆ ಪೆಟ್ಟು ತಿಂದ ಮೇಲೆಯೇ ಕಿರಿಯವಳನ್ನ ಮದುವೆ ಮಾಡದೆ ಬಿಟ್ಟದ್ದು. ರಮಾಬಾಯಿ ಓದಿ ಕಲ್ಕತ್ತೆಯಲ್ಲಿ ಪಂಡಿತಾ ಅನ್ನಿಸಿಕೊಂಡದ್ದಕ್ಕೆ ಅಪ್ಪನ ಆದರ್ಶ ಎಷ್ಟು ಕಾರಣವೋ ಅಕ್ಕನ ಹಾಳಾದ ಬದುಕೂ ಅಷ್ಟೇ ಕಾರಣ ಅಂತ ನನ್ನ ಲೆಕ್ಕ. ಬರದ ದಿನಗಳಲ್ಲಿ ಅಪ್ಪ, ಅಮ್ಮ, ಅವರ ಹಿಂದೆಯೇ ಆ ಅಕ್ಕನೂ ಹೋದ್ಳು.

ಇಷ್ಟು ಯಾಕೆ ಕೂಗಾಡ್ತೇನೆ ಅಂದ್ರೆ, ಇದೇ ಕಳ್ಳತನ ನಾನು ಮಾಡಿದ್ದೇನೆ. ನನ್ನ ಅಪ್ಪ ಫೋರ್ಟ್‌ನ ಒಂದು ಹೋಟೆಲಲ್ಲಿ ತಟ್ಟೆ ತೊಳೀತಾ ನೈಟ್ ಸ್ಕೂಲಲ್ಲಿ ಮೆಟ್ರಿಕ್ ಮಾಡಿದವರು, ನನ್ನನ್ನ ಕಾಲೇಜಿಗೆ ಕಳಿಸಿದ್ರು. ಅವರ ಬಗ್ಗೆ ಬರ್ದ ಲೇಖನಕ್ಕೆ ಮಾಟುಂಗಾದ ಒಂದು ಸಭೆಯಲ್ಲಿ ಶಾಲು ಹೊದೆಸಿದ್ರು, ಎಡಿಟರ್ ಒಬ್ರು ಕಣ್ಣೀರು ಬಂತು ಅಂದ್ರು, ನಾನೂ ಉಬ್ಬಿದೆ. ದೊಡ್ಡಕ್ಕನನ್ನ ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಅಜ್ಜಿಯನ್ನ ನೋಡ್ಕೊಳ್ಳಿಕ್ಕೆ ಊರಿಗೆ ಕಳಿಸಿದ್ದೂ ಅದೇ ಅಪ್ಪ, ಆ ಉಳಿದ ದುಡ್ಡಲ್ಲೇ ನನ್ನ ಫೀಸು. ಅದು ಲೇಖನದಲ್ಲಿ ಇರ್ಲಿಲ್ಲ. ಅಕ್ಕ ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ಪೂರ್ತಿ ಓದಿ, ಮಡಚಿ, "ಅಪ್ಪನ ಫೋಟೋ ಚಂದ ಬಂದಿದೆ" ಅಂದ್ಳು. ಅಷ್ಟೇ. ಈಗ ಅವಳಿಲ್ಲ, ತಿದ್ದಿ ತೋರಿಸ್ಲಿಕ್ಕೆ ಯಾರಿದ್ದಾರೆ.

ರಮಾಬಾಯಿಯ ಅಮ್ಮ ತೀರಿಕೊಂಡಾಗಿನ ಭಾಗವನ್ನೂ ಇನ್ನೊಮ್ಮೆ ಬರಿ. "ದುಃಖದ ಸಾಗರದಲ್ಲಿ ಮುಳುಗಿದರು" ಅಂತ ಮುಗಿಸಿಬಿಟ್ಟಿದ್ದೀಯ. ಹೆಣ ಹೊರ್ಲಿಕ್ಕೆ ಬಂದದ್ದು ಇಬ್ಬರೇ ಬ್ರಾಹ್ಮಣರು, ಮೂರನೆಯವನು ಅವಳ ಅಣ್ಣ ಶ್ರೀನಿವಾಸ, ನಾಲ್ಕನೇ ಹೆಗಲು ಈ ಹುಡುಗಿಯದ್ದು, ಸುಡುವ ಜಾಗಕ್ಕೆ 3 ಮೈಲಿ. ಕುಳ್ಳಿ, ಹೆಗಲು ಎಟಕದೆ ತನ್ನ ಪಾಲಿನ ಭಾರವನ್ನ ತಲೆಮೇಲೆ ಹೊತ್ಕೊಂಡು ನಡೆದ್ಳು. ಸಾಗರ ಗೀಗರ ತೆಗೆದು ಈ ತಲೆ ಇಡು ಅಲ್ಲಿ.

ಗಣಪತಿ ಹಬ್ಬದೊಳಗೆ ಕೃಷ್ಣಾಬಾಯಿಯ ಅಧ್ಯಾಯ ಕಳಿಸು. ವಾಟ್ಸಾಪ್‌ನಲ್ಲಿ ಬೇಡ, ಪ್ರಿಂಟ್ ತೆಗ್ದು ನೀನೇ ತಗೊಂಡು ಬಾ, ಪತ್ರೊಡೆ ಮಾಡಿಟ್ಟಿರ್ತೇನೆ.

ನಿನ್ನ ಅಕ್ಕ