ನೆಲ ಬಿಸಿ ಮಾಡೋಕೆ ಮುಂಚೆ ನೆಲದಡಿ ಏನಿದೆ ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ಪೇಪರ್ ಬಿಡಿಸಿದ್ರೆ ಒಳಗಿಂದ ಒಂದು ಪಾಂಪ್ಲೆಟ್ ಬಿತ್ತು, ಹಳೇ ಮನೆಗೂ ಬೆಚ್ಚನೆ ನೆಲ, ಒಂದೇ ವಾರದಲ್ಲಿ ಕೆಲಸ ಮುಗೀತದೆ ಅಂತ. ನೆಲದಡಿ ಬಿಸಿನೀರಿನ ಪೈಪೋ ಕರೆಂಟಿನ ಮ್ಯಾಟೋ ಹಾಸಿ ನೆಲ ಬಿಸಿ ಮಾಡೋ ಅಂಡರ್‌ಫ್ಲೋರ್ ಹೀಟಿಂಗ್‌ದು. ಹೋಂಸ್ಟೇ ಇಟ್ಟಿರೋ ಪರಿಚಯದವರು ಇಬ್ಬರು ಆಗ್ಲೇ ಫೋನ್ ಮಾಡಿ ಹೇಗಂತೆ ಅಂತ ವಿಚಾರಿಸಿದ್ರು. ನಾನೇನು ಇದರ ವಿರೋಧಿ ಅಲ್ಲ, ನಮ್ಮನೇಲೇ ಒಂದು ಕಡೆ ಹಾಕ್ಸಿದೀವಿ, ಚೆನ್ನಾಗೂ ಇದೆ. ಆದ್ರೆ ಆ 'ಒಂದೇ ವಾರ' ಅನ್ನೋ ಮಾತು ನಂಬಿ ನಾವು ಮಾಡ್ಕೊಂಡ ಎಡವಟ್ಟು ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ಈ ಪತ್ರ.

ನಮ್ಮದು ನಾಪೋಕ್ಲು ಕಡೆ ತೋಟದ ಮಧ್ಯೆ ಇರೋ ಹಳೇ ಮನೆ, ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು, ನಡುಮನೇಲಿ ಅಜ್ಜ ಹಾಕ್ಸಿದ ರೆಡ್ ಆಕ್ಸೈಡ್ ನೆಲ, ಇಷ್ಟು ವರ್ಷ ಒರೆಸಿ ಒರೆಸಿ ಮುಖ ನೋಡ್ಕೋಬೋದು ಹಾಗಿದೆ. ಅವ್ವನಿಗೆ 81 ವರ್ಷ, ಮಂಡಿ ನೋವು, ಜೂನ್ ಬಂತು ಅಂದ್ರೆ ಆ ನೆಲಕ್ಕೆ ಕಾಲಿಡೋಕೇ ಹೆದರ್ತಾರೆ. ಕೊಡಗಿನ ಚಳಿ ಅಂದ್ರೆ ಹೊರಗಿನೋರು ಡಿಸೆಂಬರ್ ಅಂದ್ಕೋತಾರೆ, ಅದು ಬಿಡಿ, ಒಣ ಚಳಿ, ಹತ್ತು ಗಂಟೆಗೆ ಬಿಸಿಲು ಬಂದ್ರೆ ಹೋಯ್ತು. ಮಳೆಗಾಲದ ಥಂಡಿ ಹಾಗಲ್ಲ, ಹಾಸಿಗೆ ಒಳಗೇ ಬಂದು ಮಲಗುತ್ತೆ, ನೆಲ ಬೆವರುತ್ತೆ, ಬೀರುವಲ್ಲಿಟ್ಟ ಕರಿ ಕುಪ್ಯಕ್ಕೂ (ನಾವು ಕೊಡವರು ಹಬ್ಬಕ್ಕೆ, ಮದುವೆಗೆ ಹಾಕೋ ಉದ್ದ ಕೋಟು) ಬೂಷ್ಟು.

ತಮ್ಮ ಕೆನಡಾದಲ್ಲಿದಾನೆ. ಅವನ ಮನೇಲಿ ನೆಲದಡಿ ಬಿಸಿನೀರಿನ ಪೈಪ್ ಇದೆ, ಅವ್ವ ಅಲ್ಲಿ ಎರಡು ತಿಂಗಳು ಬರಿಗಾಲಲ್ಲಿ ಓಡಾಡ್ಕೊಂಡಿದ್ದು ಬಂದ್ರು, ಇಲ್ಲೂ ಹಾಕ್ಸೋಣ ಅಂತ ಅವನೇ ಬೆಂಗಳೂರಿನ ಒಬ್ಬ ಕಂಟ್ರಾಕ್ಟರ್‌ನ ಗೊತ್ತುಮಾಡ್ದ. ಆತ ಬಂದು ಟೇಪ್ ಹಿಡಿದು ಅಳೆದು ಹೇಳಿದ ಪ್ಲಾನ್ ಇಷ್ಟು: ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟ್, ಅದರ ಮೇಲೆ ಥರ್ಮಕೋಲ್ ಥರದ ಬೋರ್ಡ್, ಅದರ ಮೇಲೆ 16 ಮಿ.ಮೀ. ಪೈಪು ಸುತ್ತಿ ಸುತ್ತಿ ಹಾಸಿ, ಮೂರು ಇಂಚು ಸಿಮೆಂಟ್ ಕಾಂಕ್ರೀಟ್, ಮೇಲೆ ಟೈಲ್ಸ್. ಒಟ್ಟು ಸೇರಿದ್ರೆ ಐದು ಇಂಚು. ನಮ್ಮ ಬಾಗಿಲುಗಳೋ ಮೊದ್ಲೇ ಕುಳ್ಳ, ಈಗ್ಲೇ ತಲೆ ಬಗ್ಗಿಸಿ ಒಳಗೆ ಬರಬೇಕು, ಐದು ಇಂಚು ಏರಿಸಿದ್ರೆ ತೆವಳ್ಕೊಂಡು ಬರೋದೇ. ಹೊಸ್ತಿಲೂ ಮುಳುಗಿಹೋಗುತ್ತೆ. ಹಾಗಾದ್ರೆ ಹಳೇ ನೆಲ ಒಡೆದು ಕೆಳಗೆ ಇಳಿಸೋಣ ಅಂದ, ನಾವೂ ಹೂಂ ಅಂದ್ವಿ. ಹೋದ ವರ್ಷ ಏಪ್ರಿಲ್‌ದು ಮಾತು, ಹೂಮಳೆ ಬಿದ್ದು ಎರಡು ದಿನ ಆಗಿತ್ತು ಅಷ್ಟೆ.

ನಡುಮನೆ ಮೂಲೇಲಿ ಮೂರಡಿ ಒಡೆದಾಗ ಗೊತ್ತಾಯ್ತು. ಕೆಂಪು ಪದರ ಅಂದ್ರೆ ನಾಲ್ಕೈದು ಮಿಲಿಮೀಟರ್ ಅಷ್ಟೇ, ಅದರಡಿ ಸುಣ್ಣದ ಗಾರೆ, ಅದರಡಿ ಬರೀ ದಿಮ್ಮಿಸಿ ಬಡಿದ ಮಣ್ಣು. ಕಲ್ಲಿಲ್ಲ, ಜಲ್ಲಿ ಇಲ್ಲ. ಮಣ್ಣು ಒಂದು ಹಿಡಿ ತಗೊಂಡು ಹಿಸುಕಿದ್ರೆ ಉಂಡೆ ಕಟ್ತು, ಬೆರಳ ಗುರುತು ಹಾಗೇ ಉಳೀತು. ಒಂದು ಎರೆಹುಳ ಕೂಡ ಇತ್ತು. ಅಷ್ಟು ವರ್ಷ ನಾವು ಓಡಾಡ್ತಾ ಇದ್ದ ನೆಲದಡಿ ಒದ್ದೆ ಮಣ್ಣು, ಆ ನೀರು ಸುಣ್ಣದ ಗಾರೆಯಿಂದ ನಿಧಾನಕ್ಕೆ ಮೇಲೆ ಬಂದು ಆರಿ ಹೋಗ್ತಾ ಇತ್ತು, ಅದಕ್ಕೇ ಮನೆ ನಿಂತಿದೆ. ಇದರ ಮೇಲೆ ಪ್ಲಾಸ್ಟಿಕ್ ಮುಚ್ಚಿದ್ರೆ ನೀರು ಎಲ್ಲಿಗೆ ಹೋಗ್ಬೇಕು? ಪಕ್ಕಕ್ಕೆ ಸರಿದು ಮಣ್ಣಿನ ಗೋಡೆ ಹತ್ತುತ್ತೆ. ಗೋಡೆ ಬುಡ ಉಪ್ಪು ಉಕ್ಕಿ ಪುಡಿಪುಡಿ ಉದುರೋಕೆ ಶುರುವಾದ್ಮೇಲೆ ನೆಲ ಬೆಚ್ಚಗಿದ್ದು ಏನು ಭಾಗ್ಯ. ಆವತ್ತೇ ಕೆಲಸ ನಿಲ್ಲಿಸ್ದೆ. ಅಡ್ವಾನ್ಸ್ ವಾಪಸ್ ಬರ್ಲಿಲ್ಲ, ಅದು ಬೇರೆ ಕಥೆ.

ಆಮೇಲೆ ಓದಿ ತಿಳ್ಕೊಂಡಿದ್ದು. ಇಂಗ್ಲೆಂಡಲ್ಲಿ ಇಂಥ ಹಳೇ ಕಲ್ಲಿನ ಮನೆಗಳಿಗೆ ಪೈಪ್ ಹಾಕೋವಾಗ ಸಿಮೆಂಟ್ ಬದಲು ಸುಣ್ಣದ ಕಾಂಕ್ರೀಟ್ ಹಾಕೋ ಪದ್ಧತಿ ಇದೆ, ಅದಕ್ಕೆ ಲೈಮ್‌ಕ್ರೀಟ್ ಅಂತಾರೆ, ಅದರಡಿ ಗಾಜನ್ನ ನೊರೆ ಥರ ಉಬ್ಬಿಸಿ ಮಾಡಿದ ಜಲ್ಲಿ, ಬಿಸಿ ಕೆಳಗೆ ಇಳಿಯಲ್ಲ, ನೆಲದ ಉಸಿರೂ ಕಟ್ಟಲ್ಲ. ನಮ್ಮ ಕಂಟ್ರಾಕ್ಟರ್‌ಗೆ ಕೇಳಿದ್ರೆ ಆ ಹೆಸರೇ ಕೇಳಿರ್ಲಿಲ್ಲ. ಇನ್ನು ಒಂದೇ ವಾರ ಅನ್ನೋದು ನೋಡಿ, ಸಿಮೆಂಟ್ ಸ್ಕ್ರೀಡ್, ಅಂದ್ರೆ ಪೈಪ್ ಮೇಲೆ ಹಾಕೋ ಆ ಕಾಂಕ್ರೀಟ್ ಪದರ, ಸುಮಾರಾಗಿ ದಿನಕ್ಕೊಂದು ಮಿಲಿಮೀಟರ್ ಒಣಗುತ್ತೆ ಅನ್ನೋದು ಲೆಕ್ಕ, ದಪ್ಪ ಜಾಸ್ತಿ ಆದ್ರೆ ಇನ್ನೂ ನಿಧಾನ, ಅಂದ್ರೆ ಮೂರು ಇಂಚಿಗೆ ಎರಡೂವರೆ ತಿಂಗಳ ಮೇಲೆ, ಅದೂ ಒಣ ಹವೇಲಿ. ಭಾಗಮಂಡಲ ಕಡೆ ಜುಲೈಲಿ ಬಟ್ಟೆನೇ ವಾರಗಟ್ಟಲೆ ಒಣಗಲ್ಲ, ಕಾಂಕ್ರೀಟ್ ಒಣಗುತ್ತಾ. ಒಣಗೋ ಮುಂಚೆ ಹೀಟಿಂಗ್ ಆನ್ ಮಾಡಿದ್ರೆ ಬಿರುಕು, ಟೈಲ್ಸ್ ಎದ್ದು ಟೊಳ್ಳು ಸದ್ದು ಬರುತ್ತೆ. ಪರಿಚಯದವರ ಹೋಂಸ್ಟೇಲಿ ಹೀಗೇ ಆಗಿದೆ, ನಡೆದ್ರೆ ಟಕ್ ಟಕ್ ಅನ್ನುತ್ತೆ.

ನಿಮ್ಮ ಮನೆ ನೆಲ ಹೇಗಿದೆ ನೋಡೋಕೆ ಇಂಜಿನಿಯರೇನೂ ಬೇಡ. ಎರಡಡಿ ಪಾರದರ್ಶಕ ಪ್ಲಾಸ್ಟಿಕ್ ನೆಲದ ಮೇಲೆ ಹಾಸಿ ನಾಲ್ಕೂ ಕಡೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಶೀಟ್ ಅಡಿಯಲ್ಲಿ ಹನಿ ಕಂಡ್ರೆ ನೀರು ಕೆಳಗಿಂದ ಬರ್ತಿದೆ, ಮೇಲುಗಡೆ ಕಂಡ್ರೆ ಗಾಳಿಯ ತೇವ ತಣ್ಣನೆ ನೆಲಕ್ಕೆ ಕೂತಿರೋದು. ನಾನು ಮಳೆಗಾಲದಲ್ಲಿ ಮಾಡ್ದೆ, ನಡುಮನೇಲಿ ಅಡಿಯಲ್ಲಿ, ಮುಂದಿನ ಕೋಣೇಲಿ ಬರೀ ಮೇಲೆ. ಈ ಎರಡನೇದಕ್ಕೆ ನೆಲ ಎರಡು ಮೂರು ಡಿಗ್ರಿ ಬಿಸಿಯಾದ್ರೂ ಸಾಕು, ಬೆವರೋದು ಕಮ್ಮಿ ಆಗುತ್ತೆ, ಅಲ್ಲಿ ಹೀಟಿಂಗ್ ಹಾಕಿದ್ರೆ ಅರ್ಥ ಇದೆ. ಮೊದಲನೇದಕ್ಕೆ ಹೀಟರ್ ಔಷಧಿ ಅಲ್ಲ. ನಮ್ಮಲ್ಲಿ ಕಾರಣ ಮನೆ ಹಿಂದಿನ ಬರೆ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬ, ಅಲ್ಲಿಂದ ಇಳಿದ ನೀರು ಸೀದಾ ಅಡಿಪಾಯಕ್ಕೆ. ಬರೆಗೂ ಮನೆಗೂ ಮಧ್ಯೆ ಮೂರಡಿ ಆಳ ಚರಂಡಿ ತೆಗೆಸಿ ಜಲ್ಲಿ ತುಂಬಿಸಿದ್ವಿ, ಗೋಡೆ ಹೊರಗೆ ಯಾವಾಗ್ಲೋ ಬಳಿದಿದ್ದ ಸಿಮೆಂಟ್ ಕಿತ್ತು ಸುಣ್ಣದ ಗಾರೆ ಮಾಡ್ಸಿದ್ವಿ. ಒಂದೇ ಮಳೆಗಾಲದಲ್ಲಿ ಆ ಮುಗ್ಗು ವಾಸನೆ ಅರ್ಧಕ್ಕೆ ಇಳೀತು.

ಆಮೇಲೆ ನವೆಂಬರ್‌ನಲ್ಲಿ ಅವ್ವನ ಬಾತ್‌ರೂಮಿಗೆ ಮಾತ್ರ ಹೀಟಿಂಗ್ ಹಾಕ್ಸಿದ್ವಿ. ಅದು ಆಮೇಲೆ ಸೇರಿಸಿದ ಕಟ್ಟಡ, ಸಿಮೆಂಟ್ ನೆಲ, ಒಡೆದ್ರೂ ಅಳೋರಿಲ್ಲ. ಪೈಪ್ ಅಲ್ಲ, ಕರೆಂಟಿನ ಮ್ಯಾಟ್, ಟೈಲ್ಸ್ ಅಡಿ ಹಾಸೋದು, ನಾಲ್ಕು ಮಿ.ಮೀ. ಕೂಡ ದಪ್ಪ ಇಲ್ಲ, ಕೆಳಗೆ 10 ಮಿ.ಮೀ. ಇನ್ಸುಲೇಶನ್ ಬೋರ್ಡ್. ಚದರ ಮೀಟರಿಗೆ 150 ವ್ಯಾಟ್, ನಮ್ಮದು ನಾಲ್ಕು ಚದರ ಮೀಟರ್, 600 ವ್ಯಾಟ್. ಹಳೇ ವೈರಿಂಗಲ್ಲಿ ಅರ್ಥಿಂಗೇ ಇರ್ಲಿಲ್ಲ, ಮೀಟರಿಂದ ಹೊಸ ಲೈನ್ ಎಳೆಸಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಲೀಕ್ ಆದ್ರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್) ಹಾಕ್ಸಿದ್ವಿ, ಒದ್ದೆ ಕಾಲಿನ ಜಾಗ, ಇದ್ರಲ್ಲಿ ಮಾತ್ರ ಜುಗ್ಗತನ ಬೇಡ. ಥರ್ಮೋಸ್ಟಾಟ್ 27ಕ್ಕೆ ಇಟ್ಟಿದೀವಿ, ಯುರೋಪಿನ ಸ್ಟ್ಯಾಂಡರ್ಡಲ್ಲಿ ಜನ ಇರೋ ಕೋಣೆ ನೆಲಕ್ಕೆ 29 ಡಿಗ್ರಿನೇ ಮಿತಿ, ಅದಕ್ಕಿಂತ ಜಾಸ್ತಿ ಆದ್ರೆ ಕಾಲಿಗೆ ಹಿಂಸೆ. ಮರ ಬಿದ್ದು ಕರೆಂಟು ಹೋದ ದಿನ ಇದೂ ತಣ್ಣಗೆ, ಇನ್ವರ್ಟರ್‌ಗೆ ಕೊಟ್ರೆ ಮೂರು ಗಂಟೇಲಿ ಬ್ಯಾಟರಿ ಕಥೆ ಮುಗೀತದೆ.

ಅಣ್ಣನ ಮಗ ಕೇಳ್ದ, ಚಿಕ್ಕಪ್ಪ, ಬಚ್ಚಲ ಹಂಡೇಲಿ ದಿನಾ ನೀರು ಕುದಿಯುತ್ತಲ್ಲ, ಅದನ್ನೇ ಪೈಪಲ್ಲಿ ಬಿಟ್ರೆ ಆಗಲ್ವಾ ಅಂತ. ತಲೆ ಇದೆ ಹುಡುಗನಿಗೆ. ಕೊರಿಯಾದಲ್ಲಿ ಒಂಡೋಲ್ ಅಂತ, ಒಲೆ ಹೊಗೆನ ನೆಲದ ಕಲ್ಲಿನಡಿ ಹಾಯಿಸಿ ಮನೆ ಬೆಚ್ಚಗೆ ಮಾಡ್ತಿದ್ರಂತೆ. ಆದ್ರೆ ಪೈಪಿಗೆ ಬೇಕಿರೋದು 35ರಿಂದ 45 ಡಿಗ್ರಿ ನೀರು, ಹಂಡೆ ನೀರು ಸೀದಾ ಬಿಟ್ರೆ ನೆಲ ಸೀಳುತ್ತೆ, ಬಿಸಿನೀರಿಗೆ ತಣ್ಣೀರು ಬೆರೆಸೋ ಮಿಕ್ಸಿಂಗ್ ವಾಲ್ವ್ ಬೇಕು, ಪಂಪ್ ಬೇಕು, ಪಂಪಿಗೆ ಮತ್ತೆ ಕರೆಂಟು.

ಈಗ ನಮ್ಮ ಒಕ್ಕದಲ್ಲಿ (ಕುಲದವರಲ್ಲಿ) ಐನ್‌ಮನೆಗೂ, ಅಂದ್ರೆ ಎಲ್ಲರಿಗೂ ಸೇರಿದ ಮೂಲಮನೆಗೂ ಹಾಕ್ಸೋಣ ಅನ್ನೋ ಮಾತು ಬಂದಿದೆ. ದಪ್ಪ ಕಾಂಕ್ರೀಟ್ ನೆಲ ಸರಿಯಾಗಿ ಬಿಸಿಯಾಗೋಕೆ ಎಷ್ಟೋ ಗಂಟೆ ಬೇಕು, ದಿನಾ ಜನ ಇರೋ ಮನೆಗೆ ಅದು ಸರಿ. ಐನ್‌ಮನೇಲಿ ಜನ ಸೇರೋದು ಸುಗ್ಗಿ ಹಬ್ಬ ಪುತ್ತರಿಗೆ, ಹಿರಿಯರಿಗೆ ಎಡೆ ಇಡೋ ಕಾರಣ ಕೊಡ್ಪಕ್ಕೆ. ಎಲ್ಲರೂ ಬಂದು ಊಟ ಮಾಡಿ ಕಾರ್ ಹತ್ತಿದ ಮೇಲೆ ದೀಪ ಇಡೋ ನಡುಮನೆ, ಅದೇ ನೆಲ್ಲಕ್ಕಿ ನಡುಬಾಡೆ, ಬೆಚ್ಚಗಾದ್ರೆ ತೂಗುದೀಪ ಒಂದೇ ಕಾಲು ಚಾಚಿ ಕೂರ್ಬೇಕು. ಮೇಲೆ ಅಟ್ಟ ಇಲ್ಲದ ಕಡೆಯಂತೂ ಬಿಸಿ ಎಲ್ಲ ಹೆಂಚಿನ ಸಂದಿಯಿಂದ ಆಚೆ. ಮೀಟಿಂಗಲ್ಲಿ ಇದನ್ನ ಹೇಳಿದ್ದಕ್ಕೆ ಇವನಿಗೆ ಹಳೇದೇ ಆಗ್ಬೇಕು ಅಂತ ಬೈಸ್ಕೊಂಡಿದೀನಿ, ಇರ್ಲಿ.

ಕೊನೇದಾಗಿ ಒಂದು ಸ್ವಾರ್ಥದ ಮಾತು. ನಡುಮನೆ ಮೂಲೇಲಿ ಒಡೆದ ಆ ಮೂರಡಿ ಜಾಗ ಇನ್ನೂ ಹಾಗೇ ಇದೆ, ಮೇಲೆ ಚಾಪೆ ಹಾಕಿ ಮುಚ್ಚಿದೀವಿ, ಅವ್ವ ಆ ಕಡೆ ನೋಡೋದೇ ಇಲ್ಲ. ವಿರಾಜಪೇಟೆ ತನಕ ಹುಡುಕಿದೆ, ಎಲ್ಲ ಮೇಸ್ತ್ರಿಗಳೂ ಟೈಲ್ಸ್ ಹಾಕ್ತೀವಿ ಅಂತಾರೆ. ಸುಣ್ಣದ ಗಾರೆ ಮೇಲೆ ರೆಡ್ ಆಕ್ಸೈಡ್ ತಿಕ್ಕಿ ಹಳೇ ಬಣ್ಣಕ್ಕೆ ಕೂಡಿಸೋ ಕೈ ಇರೋ ಮೇಸ್ತ್ರಿ ಯಾರಾದ್ರೂ ಓದುಗರಿಗೆ ಗೊತ್ತಿದ್ರೆ ದಯವಿಟ್ಟು ನಿಮ್ಮ ಪತ್ರಿಕೆ ಮೂಲಕ ತಿಳಿಸ್ಲಿ, ಮಳೆ ಹಿಡಿಯೋ ಮುಂಚೆ.

— ನಾಪೋಕ್ಲು ಕಡೆಯ ಒಬ್ಬ ಓದುಗ