ವಿಷಯ: ಜಾತ್ರೆ ಸಿನಿಮಾ ಮತ್ತು ಕಳೆದ ಶನಿವಾರದ ದೂರು

ಪೋಷಕರಿಗೆ ನಮಸ್ಕಾರ.

ಕಳೆದ ಶನಿವಾರ ನಮ್ಮ ವಿಶೇಷ ಶಾಲೆಯ ಮಕ್ಕಳಿಗೆ ತೋರಿಸಿದ, ನೋಡುತ್ತಲೇ ಮುಟ್ಟಿ ಮೂಸುವ ಜಾತ್ರೆ ಸಿನಿಮಾ ಮಕ್ಕಳನ್ನು ಹೆದರಿಸಿತು ಅಂತ ಇಬ್ಬರು ದೂರು ಕೊಟ್ಟಿದ್ದೀರಿ. ಗೇಟಿನ ಹತ್ತಿರ ಉಳಿದವರು ಮಾತಾಡಿಕೊಂಡದ್ದೂ ನನ್ನ ಕಿವಿಗೆ ಬಿದ್ದಿದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು. ಡೊಳ್ಳಿನ ಸದ್ದು ಜಾಸ್ತಿ ಆಯಿತು. ಇಬ್ಬರು ಕಿವಿ ಮುಚ್ಚಿಕೊಂಡರು, ಒಂದು ಮಗು ಹೊರಗೆ ಓಡಿತು. ಈಗ ಸದ್ದು ತಗ್ಗಿಸಿದ್ದೇವೆ. ಪಟಾಕಿಯ ದೃಶ್ಯವನ್ನು ಪೂರ್ತಿ ತೆಗೆದಿದ್ದೇವೆ. ಸೆಕೆಂಡಿಗೆ 3 ಸಲಕ್ಕಿಂತ ಜಾಸ್ತಿ ಮಿನುಗುವ ಬೆಳಕಿನಿಂದ ಕೆಲವು ಮಕ್ಕಳಿಗೆ ಫಿಟ್ಸ್ ಬರಬಹುದು. ಅದನ್ನು ನಾವು ಮೊದಲೇ ನೋಡಬೇಕಿತ್ತು.

‘ಮೊಬೈಲ್ ಕೊಡಬ್ಯಾಡ್ರಿ ಅಂತೀರಿ, ಈಗ ನೀವ ಸಿನಿಮಾ ತೋರಸ್ತೀರಿ’ ಅಂದವರ ಮಾತು ನ್ಯಾಯವೇ. ಆದರೆ ಇಲ್ಲಿ ಪರದೆಯ ಪಾಲು ಕಡಿಮೆ. ಬನದ ಹುಣ್ಣಿಮೆ ಮುಗಿದು ನಮ್ಮ ಕೊಪ್ಪಳದ ಗವಿಮಠದ ತೇರು ಎಳೆಯುವಾಗ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆ ಗದ್ದಲದಲ್ಲಿ ನಮ್ಮ ಮಕ್ಕಳು ಎಷ್ಟು ಹೊತ್ತು ನಿಂತಾರು? ಅರ್ಧ ದಾರಿಯಿಂದ ವಾಪಸ್ ಬಂದೆವು ಅಂತ ನಿಮ್ಮಲ್ಲೇ ಎಷ್ಟೋ ಜನ ಹೇಳಿದ್ದೀರಿ. ಹಾಗಾಗಿ ಜಾತ್ರೆಯನ್ನೇ ಚಿಕ್ಕದು ಮಾಡಿ ಒಂದು ಕೋಣೆಗೆ ತಂದೆವು. 14 ನಿಮಿಷ, ಅಷ್ಟೇ. ಪರದೆಯಲ್ಲಿ ತೇರು ಹೊರಟಾಗ ದಪ್ಪ ಮಿಣಿ, ಅಂದರೆ ತೇರಿನ ಹಗ್ಗ, ಮಕ್ಕಳ ತೊಡೆ ಮೇಲೆ ಹಾದು ಹೋಗುತ್ತದೆ. ತೇರಿಗೆ ಉತ್ತತ್ತಿ ಎಸೆಯುವಾಗ ಅವರ ಕೈಗೊಂದು ಉತ್ತತ್ತಿ ಗಂಟು. ಬಿಡಿ ಉತ್ತತ್ತಿ ಕೊಟ್ಟಿಲ್ಲ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಮಹಾಶಯರು ನಮ್ಮಲ್ಲಿದ್ದಾರೆ. ದಾಸೋಹ ಬಂದಾಗ ಬಿಸಿ ಜೋಳದ ರೊಟ್ಟಿ, ತಟ್ಟಲು ಬೋಗುಣಿಯಲ್ಲಿ ಹಿಟ್ಟು, ಕಿಟಕಿಯಿಂದ ಮಿರ್ಚಿ ಬಜಿಯ ವಾಸನೆ. ಸ್ಪೀಕರನ್ನು ಕಟ್ಟಿಗೆಯ ಮಂಚಕ್ಕೆ ತಾಗಿಸಿದ್ದೇವೆ. ಕಿವಿ ಕೇಳದ ಮಗು ಅದರ ಮೇಲೆ ಮಲಗಿದರೆ ಡೊಳ್ಳು ಬೆನ್ನಿಗೆ ಗೊತ್ತಾಗುತ್ತದೆ.

ಇನ್ನು ಕೈ ವಿಷಯ. ‘ಹಿಟ್ಟು ಮುಟ್ಟಿ ಹುಡುಗ ಚೀರಿದ, ಸಿನಿಮಾ ಅವನನ್ನು ಹೆದರಿಸಿತು’ ಅನ್ನುವುದು ದೂರು. ನಾನು ಅಲ್ಲೇ ಇದ್ದೆ. ಅವನಾಗಿ ಮುಟ್ಟಿದ್ದಲ್ಲ. ಮಣಿಕಟ್ಟು ಹಿಡಿದು ಬೋಗುಣಿಯೊಳಗೆ ಒತ್ತಿದ್ದು. ಯಾರು ಅಂತ ಬರೆಯುವುದಿಲ್ಲ, ಅವತ್ತು ನಾಲ್ಕೈದು ಜನ ಅದನ್ನೇ ಮಾಡಿದರು, ನಮ್ಮ ಶಿಕ್ಷಕಿಯೊಬ್ಬರೂ ಸೇರಿ. ಪ್ರೀತಿಯಿಂದಲೇ ಮಾಡಿದ್ದು, ಗೊತ್ತು. ಪಕ್ಕದ ಮಗು ಹಿಟ್ಟು ತಟ್ಟುತ್ತಿದೆ, ನಮ್ಮದು ಯಾಕೆ ಸುಮ್ನೆ ಕೂತಿದೆ ಅನ್ನಿಸುತ್ತದೆ ಅಲ್ವಾ? ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಹಾಗೇ ಒತ್ತುತ್ತಿದ್ದೆ.

ಆದರೂ ಮಗುವಿನ ಕೈ ಹಿಡಿದು ಒತ್ತಬೇಡಿ. ನಮಗೆ ಅದು ಬರೀ ಹಿಟ್ಟು. ಕೆಲವು ಮಕ್ಕಳಿಗೆ ಅಂಟು ಅಂಟಾದದ್ದು ತಾಗಿದರೆ ಮುಳ್ಳು ಚುಚ್ಚಿದ ಹಾಗೆ. ಕಣ್ಣು ಕಾಣದ ಮಗು ಕೈಯಿಂದಲೇ ನೋಡುತ್ತದೆ. ಆ ಕೈಯನ್ನು ಯಾರೋ ಜಗ್ಗಿದರೆ ಮುಂದಿನ ಸಲ ಮುಷ್ಟಿ ಬಿಚ್ಚುವುದಿಲ್ಲ. ನಿಮ್ಮ ಕೈಯನ್ನು ಹಿಟ್ಟಿನ ಮೇಲಿಡಿ, ಮಗುವಿನ ಕೈ ನಿಮ್ಮ ಕೈ ಮೇಲಿರಲಿ. ನಿಮ್ಮದು ಕೆಳಗೆ, ಮಗುವಿನದು ಮೇಲೆ. ಬೇಡವಾದರೆ ಅದು ಕೈ ತೆಗೆದುಕೊಳ್ಳುತ್ತದೆ. ಬೇಕಾದರೆ ಬೆರಳು ತಾನಾಗಿ ಕೆಳಗೆ ಜಾರುತ್ತದೆ. 14 ನಿಮಿಷ ಏನೂ ಮುಟ್ಟದೆ ಕೂತರೂ ಪರವಾಗಿಲ್ಲ. ನಿಜವಾಗಿಯೂ ಪರವಾಗಿಲ್ಲ.

ಇದೇ ಸಿನಿಮಾವನ್ನು ಇದೇ ಕ್ರಮದಲ್ಲಿ ಇನ್ನೂ ಆರು ವಾರ ತೋರಿಸುತ್ತೇವೆ. ಬೇಜಾರಾಗುವುದು ನಮಗೆ, ಮಕ್ಕಳಿಗಲ್ಲ. ತರಗತಿಯಲ್ಲಿ ನಾವೇ ತಾಲೀಮು ಮಾಡುವಾಗ ಮಾತು ಬಾರದ ಒಬ್ಬ ಹುಡುಗಿ ಎರಡು ಸಲ ಉತ್ತತ್ತಿ ಗಂಟಿನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೇ ಸಲ ಡೊಳ್ಳು ನಿಂತ ಕೂಡಲೇ ಕೈ ಚಾಚಿದಳು. ಗಂಟು ಇನ್ನೂ ಬುಟ್ಟಿಯಲ್ಲೇ ಇತ್ತು.

ಇಷ್ಟು ಹೇಳಿದ ಮೇಲೂ ಯಾರಾದರೂ ಕೈ ಒತ್ತಿದರೆ ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತೇವೆ. ಬೇಸರ ಮಾಡಿಕೊಳ್ಳಬೇಡಿ, ಶಿಕ್ಷಕರಿಗೂ ಇದೇ ನಿಯಮ. ಒಳಗೆ ಮೊಬೈಲಲ್ಲಿ ಫೋಟೊ, ವಿಡಿಯೊ ಬೇಡ.

ಬರುವ ಶನಿವಾರ ಬೆಳಿಗ್ಗೆ 10ಕ್ಕೆ ಮಗುವಿನ ಜೊತೆ ಮನೆಯಿಂದ ಒಬ್ಬರು ಬನ್ನಿ.

ಹಿಟ್ಟು ಮೈಗೆಲ್ಲ ಹತ್ತುತ್ತದೆ, ಸಮವಸ್ತ್ರ ಬೇಡ, ಹಳೆ ಬಟ್ಟೆ ಹಾಕಿ. ಮಿರ್ಚಿ ದೊಡ್ಡವರಿಗೂ ಇದೆ.

ಇಂತಿ,
ಮುಖ್ಯೋಪಾಧ್ಯಾಯಿನಿ
ಕೊಪ್ಪಳ